ಅಣು ಕೆಲಸ ಮಾಡಿತು ಎಂಬ ಮಾತಿಗೆ ಪುರಾವೆ ಏನು?

(ರಾಸಾಯನಿಕ ಜೀವವಿಜ್ಞಾನ ಮತ್ತು ಔಷಧ ಶೋಧವನ್ನು ವಿಶ್ವವಿದ್ಯಾಲಯದ ಮಟ್ಟದಲ್ಲಿ ಅಧ್ಯಯನ ಮಾಡುವ ಕುರಿತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ವಿದ್ಯಾರ್ಥಿ ಮಿತ್ರರೇ,

ಜರ್ಮನಿಯ ಬೇಯರ್ ಕಂಪನಿಯ ಪ್ರಯೋಗಾಲಯದಲ್ಲಿ 1897ರಲ್ಲಿ ಶುದ್ಧ ರೂಪದಲ್ಲಿ ತಯಾರಾದ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವು 1899ರಲ್ಲಿ ಆಸ್ಪಿರಿನ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಅದು ನೋವನ್ನೂ ಜ್ವರವನ್ನೂ ಹೇಗೆ ತಗ್ಗಿಸುತ್ತದೆ ಎಂಬ ಪ್ರಶ್ನೆಗೆ ನಂಬಬಹುದಾದ ಉತ್ತರ ದೊರೆತದ್ದು 1971ರಲ್ಲಿ. ದೇಹದಲ್ಲಿ ನೋವು, ಜ್ವರಗಳಿಗೆ ಕಾರಣವಾಗುವ ಪ್ರೋಸ್ಟಗ್ಲ್ಯಾಂಡಿನ್ ಎಂಬ ವಸ್ತುಗಳು ತಯಾರಾಗುವುದನ್ನು ಆಸ್ಪಿರಿನ್ ತಡೆಯುತ್ತದೆ ಎಂದು ಜಾನ್ ವೇನ್ ತೋರಿಸಿಕೊಟ್ಟರು. ಆಸ್ಪಿರಿನ್ ತನ್ನ ಅಸಿಟೈಲ್ ಗುಂಪನ್ನು ಅವುಗಳನ್ನು ತಯಾರಿಸುವ ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವದಲ್ಲಿರುವ ಸೆರೀನ್ ಎಂಬ ಒಂದು ಅಮೈನೊ ಆಮ್ಲಕ್ಕೆ ಅಂಟಿಸಿ, ಆ ಕಿಣ್ವವನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸುತ್ತದೆ ಎಂಬುದು ಆಮೇಲೆ ಖಚಿತವಾಯಿತು. ಈ ನಡುವಿನ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಜಗತ್ತು ಆ ಮಾತ್ರೆಯನ್ನು ಕಾರಣ ತಿಳಿಯದೆಯೇ ನುಂಗಿತು, ಮತ್ತು ಅದರಿಂದ ಗುಣವನ್ನೂ ಪಡೆಯಿತು.

ಆದ್ದರಿಂದ ಔಷಧವೊಂದು ಫಲ ಕೊಡಲು ಅದರ ಕಾರ್ಯವಿಧಾನ ನಮಗೆ ತಿಳಿದಿರಲೇಬೇಕೆಂಬ ನಿಯಮವಿಲ್ಲ. ಹಾಗಿದ್ದ ಮೇಲೆ ವಿಶ್ವವಿದ್ಯಾಲಯದಲ್ಲಿ ಕುಳಿತು, ವರ್ಷಗಟ್ಟಲೆ ಸಮಯ ಕೊಟ್ಟು, ಅಣು ಏಕೆ ಮತ್ತು ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಯುವುದೇಕೆ? ಈ ಉಪನ್ಯಾಸದಲ್ಲಿ ನಾನು ಎತ್ತಿಕೊಳ್ಳುವುದು ಈ ಒಂದೇ ಪ್ರಶ್ನೆಯನ್ನು. ಔಷಧ ಶೋಧಕ್ಕೆ ಬೇಕಾಗಿರುವುದು ರೋಗಿಗೆ ಗುಣವಾಗುವುದು; ರಾಸಾಯನಿಕ ಜೀವವಿಜ್ಞಾನಕ್ಕೆ ಬೇಕಾಗಿರುವುದು ಆ ಗುಣಕ್ಕೂ ಅಣುವಿಗೂ ನಡುವೆ ಇರುವ ಪ್ರತಿಯೊಂದು ಹಂತದ ಪುರಾವೆ. ಇವೆರಡನ್ನೂ ಒಂದೇ ಪಠ್ಯಕ್ರಮದಲ್ಲಿ ಕಲಿಸುವುದು ಈಗ ಅನೇಕ ವಿಶ್ವವಿದ್ಯಾಲಯಗಳಲ್ಲಿ ರೂಢಿಯಾಗಿದೆ. ನನ್ನ ಅಭಿಪ್ರಾಯದಲ್ಲಿ ಅಂತಹ ಪಠ್ಯಕ್ರಮದಿಂದ ವಿದ್ಯಾರ್ಥಿಯು ಪಡೆಯಬೇಕಾದ ಮುಖ್ಯ ಗಳಿಕೆ ಎಂದರೆ, ‘ಅಣು ಕೆಲಸ ಮಾಡಿತು’ ಎಂದು ಯಾರಾದರೂ ಹೇಳಿದ ಕ್ಷಣವೇ ಪುರಾವೆ ಕೇಳುವ ಅಭ್ಯಾಸ. ಉಳಿದ ಕೌಶಲಗಳೆಲ್ಲ ಅದಕ್ಕೆ ಸಾಧನಗಳು.

ಜೀವಕೋಶದಲ್ಲಿ ಒಂದು ಪ್ರೋಟೀನಿನ ಕೆಲಸವೇನೆಂದು ತಿಳಿಯಲು ತಳಿವಿಜ್ಞಾನಿಗಳು ಅದರ ಜೀನನ್ನು ಕೆಡಿಸಿ ನೋಡುತ್ತಾರೆ. ರಾಸಾಯನಿಕ ಜೀವವಿಜ್ಞಾನಿ ಜೀನನ್ನು ಮುಟ್ಟದೆ, ಆ ಪ್ರೋಟೀನಿಗೆ ಅಂಟಿಕೊಳ್ಳುವ ಒಂದು ಸಣ್ಣ ಅಣುವನ್ನು ಕೋಶಕ್ಕೆ ಸೇರಿಸುತ್ತಾನೆ. ಪರಿಣಾಮ ನಿಮಿಷಗಳಲ್ಲಿ ಕಾಣಿಸಿಕೊಳ್ಳಬಹುದು, ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಬಹುದು, ಅನೇಕ ವೇಳೆ ಅಣುವನ್ನು ತೊಳೆದು ತೆಗೆದರೆ ಕೋಶ ಮೊದಲಿನ ಸ್ಥಿತಿಗೆ ಮರಳುತ್ತದೆ. ಕೆಲವೊಮ್ಮೆ ಅಣುವೇ ಅಪರಿಚಿತ ಪ್ರೋಟೀನಿನ ಬಳಿಗೆ ನಮ್ಮನ್ನು ಕರೆದೊಯ್ಯುತ್ತದೆ. ಗೌಟ್ ಎಂಬ ಕೀಲುಬೇನೆಗೆ ಬಹಳ ಹಿಂದಿನಿಂದ ಬಳಕೆಯಲ್ಲಿದ್ದ ಕಾಲ್ಚಿಸಿನ್ ಎಂಬ ಸಸ್ಯಜನ್ಯ ವಸ್ತುವು ಕೋಶ ವಿಭಜನೆಯನ್ನು ನಿಲ್ಲಿಸುತ್ತದೆ ಎಂಬುದು ತಿಳಿದಿತ್ತು. 1960ರ ದಶಕದಲ್ಲಿ ಗ್ಯಾರಿ ಬೊರಿಸಿ ಮತ್ತು ಎಡ್ವಿನ್ ಟೇಲರ್ ವಿಕಿರಣಶೀಲ ಕಾಲ್ಚಿಸಿನನ್ನು ಬಳಸಿ, ಅದು ಕೋಶದಲ್ಲಿ ಯಾವ ಪ್ರೋಟೀನಿಗೆ ಅಂಟುತ್ತದೆ ಎಂದು ಹುಡುಕಿದರು. 1967ರಲ್ಲಿ ಪ್ರಕಟವಾದ ಆ ಕೆಲಸದಿಂದ ದೊರೆತದ್ದು ಕೋಶದೊಳಗಿನ ಸೂಕ್ಷ್ಮನಾಳಿಕೆಗಳ ಮೂಲ ಘಟಕವಾದ ಟ್ಯೂಬ್ಯುಲಿನ್. ಅಂದರೆ ಗೌಟ್ ಔಷಧವೊಂದು ಕೋಶವಿಜ್ಞಾನದ ಒಂದು ಪ್ರಮುಖ ಪ್ರೋಟೀನನ್ನು ಹಿಡಿದುಕೊಟ್ಟಿತು.

ಆದರೆ ಅಂಟಿಕೊಳ್ಳುವುದು ಬೇರೆ, ಪರಿಣಾಮಕ್ಕೆ ಕಾರಣವಾಗುವುದು ಬೇರೆ. ಕಿಣ್ವ ಮತ್ತು ಅದು ಹಿಡಿಯುವ ಅಣುವಿನ ಸಂಬಂಧವನ್ನು ಎಮಿಲ್ ಫಿಷರ್ 1894ರಲ್ಲಿ ಬೀಗ ಮತ್ತು ಕೀಲಿಕೈಗೆ ಹೋಲಿಸಿದರು. ಆ ಹೋಲಿಕೆ ನೂರು ವರ್ಷ ನಮಗೆ ನೆರವಾಗಿದೆ. ಅಷ್ಟೇ ಕಾಲ ನಮ್ಮನ್ನು ಅವಸರದ ತೀರ್ಮಾನಕ್ಕೂ ದೂಡಿದೆ. ಅಂಗಾಂಗ ಕಸಿಯಾದವರಲ್ಲಿ ದೇಹದ ಪ್ರತಿರೋಧವನ್ನು ತಗ್ಗಿಸುವ ಎಫ್‌ಕೆ506 ಎಂಬ ಔಷಧದ ಕಥೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಸಾವಧಾನವಾಗಿ ಓದಬೇಕೆಂದು ನಾನು ಬಯಸುತ್ತೇನೆ. ಅದು ಎಫ್‌ಕೆಬಿಪಿ ಎಂಬ ಪ್ರೋಟೀನಿಗೆ ಬಿಗಿಯಾಗಿ ಅಂಟುತ್ತದೆ, ಆ ಪ್ರೋಟೀನಿನ ಕಿಣ್ವ ಚಟುವಟಿಕೆಯನ್ನು ನಿಲ್ಲಿಸುತ್ತದೆ. ಕಥೆ ಇಲ್ಲಿಗೇ ಮುಗಿಯಿತೆಂದು ಭಾವಿಸುವುದು ಸುಲಭವಿತ್ತು. ಆದರೆ ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ದೊರೆತ ರಾಪಮೈಸಿನ್ ಎಂಬ ಇನ್ನೊಂದು ಅಣು ಕೂಡ ಅದೇ ಎಫ್‌ಕೆಬಿಪಿಗೆ ಅಷ್ಟೇ ಬಿಗಿಯಾಗಿ ಅಂಟಿ, ಅದೇ ಕಿಣ್ವ ಚಟುವಟಿಕೆಯನ್ನು ನಿಲ್ಲಿಸುತ್ತದೆ. ಹಾಗಿದ್ದರೂ ದೇಹದ ಪ್ರತಿರೋಧದಲ್ಲಿ ಪಾಲ್ಗೊಳ್ಳುವ ಟಿ ಕೋಶಗಳ ಮೇಲೆ ಅದರ ಪರಿಣಾಮ ಎಫ್‌ಕೆ506ರ ಪರಿಣಾಮಕ್ಕಿಂತ ಭಿನ್ನವಾಗಿದೆ. ಒಂದೇ ಪ್ರೋಟೀನನ್ನು ತಡೆಯುವ ಎರಡು ಅಣುಗಳು ಬೇರೆ ಬೇರೆ ಪರಿಣಾಮ ಉಂಟುಮಾಡುತ್ತಿವೆ ಎಂದರೆ ಆ ತಡೆಯೇ ಪರಿಣಾಮಕ್ಕೆ ಕಾರಣವಾಗಿರಲಾರದು. ಈ ತರ್ಕದ ಬೆನ್ನು ಹತ್ತಿದ ಸ್ಟುವರ್ಟ್ ಶ್ರೈಬರ್ ಮತ್ತು ಸಹೋದ್ಯೋಗಿಗಳು 1991ರಲ್ಲಿ ಉತ್ತರ ಕಂಡುಕೊಂಡರು. ಎಫ್‌ಕೆ506 ಮತ್ತು ಎಫ್‌ಕೆಬಿಪಿ ಎರಡೂ ಸೇರಿ ಉಂಟಾಗುವ ಜೋಡಿಯು ಕ್ಯಾಲ್ಸಿನ್ಯೂರಿನ್ ಎಂಬ ಮೂರನೆಯ ಪ್ರೋಟೀನನ್ನು ಹಿಡಿದು ನಿಲ್ಲಿಸುತ್ತದೆ. ರಾಪಮೈಸಿನ್ ಜೋಡಿ ಹಿಡಿಯುವುದು ಬೇರೆಯದೇ ಆದ ಪ್ರೋಟೀನನ್ನು; ಅದು 1994ರಲ್ಲಿ ಪತ್ತೆಯಾಯಿತು, ಇಂದು ಅದನ್ನು ಎಂಟಾರ್ ಎಂದು ಕರೆಯುತ್ತೇವೆ. ಇಲ್ಲಿ ಗಮನಿಸಬೇಕಾದದ್ದು ಉಪಕರಣಗಳ ಹೆಚ್ಚುಗಾರಿಕೆಯನ್ನಲ್ಲ, ಹೋಲಿಕೆಗೆ ಎರಡನೆಯ ಅಣುವನ್ನು ಪಕ್ಕದಲ್ಲಿಟ್ಟುಕೊಂಡ ವಿವೇಕವನ್ನು.

ಈಗ ರಸಾಯನ ವಿಜ್ಞಾನದ ಕಡೆಗೆ ಬರೋಣ. ಜೀವವಿಜ್ಞಾನದ ಹಿನ್ನೆಲೆಯಿಂದ ಬಂದ ವಿದ್ಯಾರ್ಥಿಗಳು ಸಾವಯವ ರಸಾಯನ ವಿಜ್ಞಾನವನ್ನು ದಾಟಬೇಕಾದ ಅಡ್ಡಿಯೆಂದು ನೋಡುವುದುಂಟು. ಅವರಿಗೆ ನಾನು ಇಮಾಟಿನಿಬ್ ಎಂಬ ಕ್ಯಾನ್ಸರ್ ಔಷಧದ ರಚನಾಸೂತ್ರವನ್ನು ಎದುರಿಗಿಟ್ಟುಕೊಂಡು ಕೂರಲು ಹೇಳುತ್ತೇನೆ. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರ್‌ನ ರೋಗಿಗಳಲ್ಲಿ ಅಸಹಜವಾದ ಒಂದು ಚಿಕ್ಕ ವರ್ಣತಂತು ಇರುವುದು 1960ರಲ್ಲಿ ಕಂಡುಬಂದಿತ್ತು. ಅದು 9ನೆಯ ಮತ್ತು 22ನೆಯ ವರ್ಣತಂತುಗಳು ತಮ್ಮ ತುಣುಕುಗಳನ್ನು ಅದಲು ಬದಲು ಮಾಡಿಕೊಂಡದ್ದರ ಫಲವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಬೆಸುಗೆಯಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಕೈನೇಸ್ (ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಗುಂಪನ್ನು ಅಂಟಿಸುವ ಕಿಣ್ವ) ಎಡೆಬಿಡದೆ ಕೆಲಸ ಮಾಡುತ್ತಾ ಕೋಶಗಳನ್ನು ಹೆಚ್ಚಿಸುತ್ತಲೇ ಇರುತ್ತದೆ. ಅದನ್ನು ತಡೆಯುವ ಔಷಧದ ಹುಡುಕಾಟ ಆರಂಭವಾದದ್ದು ಪ್ರೋಟೀನ್ ಕೈನೇಸ್ ಸಿ ಎಂಬ ಬೇರೊಂದು ಕಿಣ್ವವನ್ನು ತಡೆಯುತ್ತಿದ್ದ ಫಿನೈಲಮೈನೊಪಿರಿಮಿಡಿನ್ ವರ್ಗದ ಅಣುವಿನಿಂದ. ಪಿರಿಡಿನ್ ಉಂಗುರವನ್ನು ಸೇರಿಸಿದಾಗ ಕೋಶಗಳಲ್ಲಿ ಅದರ ಬಲ ಹೆಚ್ಚಿತು. ಅಮೈಡ್ ಗುಂಪನ್ನು ಸೇರಿಸಿದಾಗ ಬಿಸಿಆರ್-ಎಬಿಎಲ್ ಸೇರಿರುವ ಟೈರೊಸಿನ್ ಕೈನೇಸ್ ವರ್ಗದ ಕಿಣ್ವಗಳನ್ನೂ ಅದು ತಡೆಯತೊಡಗಿತು. ಆಮೇಲೆ ಮಧ್ಯದ ಉಂಗುರದ ಮೇಲೆ ಒಂದೇ ಒಂದು ಮೀಥೈಲ್ ಗುಂಪನ್ನು ಇಟ್ಟರು: ಅಣುವಿನ ಎರಡು ಭಾಗಗಳು ಪರಸ್ಪರ ತಿರುಗಿ ನಿಲ್ಲುವ ಭಂಗಿ ಬದಲಾಯಿತು, ಪ್ರೋಟೀನ್ ಕೈನೇಸ್ ಸಿ ಮೇಲಿನ ಹಿಡಿತ ಹೊರಟುಹೋಯಿತು, ಬೇಕಾದ ಹಿಡಿತ ಉಳಿಯಿತು. ಕೊನೆಗೆ ನೀರಿನಲ್ಲಿ ಕರಗುವಿಕೆಯನ್ನು ಹೆಚ್ಚಿಸಲು ಮೀಥೈಲ್ ಪಿಪರಜಿನ್ ಬಂದು ಸೇರಿತು. ಒಂದು ಇಂಗಾಲ ಮತ್ತು ಮೂರು ಜಲಜನಕಗಳು ಒಂದು ಅಣು ಯಾವ ಕಿಣ್ವದ ಸಹವಾಸ ಮಾಡಬೇಕು, ಯಾವುದರ ಸಹವಾಸ ಬಿಡಬೇಕು ಎಂಬುದನ್ನು ತೀರ್ಮಾನಿಸಿದ ಈ ಉದಾಹರಣೆಯ ಮುಂದೆ, ಸಾವಯವ ರಸಾಯನ ವಿಜ್ಞಾನ ಏಕೆ ಬೇಕು ಎಂಬ ಪ್ರಶ್ನೆಗೆ ಬೇರೆ ಉತ್ತರ ಕೊಡುವ ಅಗತ್ಯ ನನಗೆ ಕಂಡಿಲ್ಲ.

2001ರಲ್ಲಿ ಅಮೆರಿಕದಲ್ಲಿ ಇಮಾಟಿನಿಬ್‌ಗೆ ಅನುಮತಿ ದೊರೆಯಿತು. ಅದರ ಬಳಕೆಯಿಂದ ಗುಣ ಕಂಡ ರೋಗಿಗಳಲ್ಲಿ ಕೆಲವರಿಗೆ ರೋಗ ಮರುಕಳಿಸಿತು. ಅವರ ಕೋಶಗಳನ್ನು ಪರೀಕ್ಷಿಸಿದಾಗ ಎಬಿಎಲ್ ಕೈನೇಸ್‌ನ 315ನೆಯ ಸ್ಥಾನದಲ್ಲಿ ಥ್ರಿಯೊನಿನ್ ಇರಬೇಕಾದಲ್ಲಿ ಐಸೊಲ್ಯೂಸಿನ್ ಇರುವುದು ಕೆಲವರಲ್ಲಿ ಕಂಡುಬಂದಿತು. ಥ್ರಿಯೊನಿನ್ ಇಮಾಟಿನಿಬ್‌ನೊಂದಿಗೆ ಜಲಜನಕ ಬಂಧ ಏರ್ಪಡಿಸುತ್ತದೆ. ಐಸೊಲ್ಯೂಸಿನ್‌ಗೆ ಅದು ಸಾಧ್ಯವಿಲ್ಲ, ಮೇಲಾಗಿ ಅದರ ಗಾತ್ರವೂ ಅಣುವಿನ ದಾರಿಗೆ ಅಡ್ಡ ಬರುತ್ತದೆ. ರೋಗಿಯ ದೃಷ್ಟಿಯಿಂದ ಇದು ದುಃಖದ ಸಂಗತಿ. ಪುರಾವೆಯ ದೃಷ್ಟಿಯಿಂದ ಇದಕ್ಕಿಂತ ಬಲವಾದದ್ದು ಬಹುಶಃ ಸಿಗಲಾರದು. ಗುರಿಯೆಂದು ನಾವು ನಂಬಿದ ಪ್ರೋಟೀನಿನ ಒಂದೇ ಒಂದು ಅಮೈನೊ ಆಮ್ಲ ಬದಲಾದಾಗ ಔಷಧ ಸೋಲುತ್ತದೆ ಎಂದರೆ, ಅಲ್ಲಿಯವರೆಗೆ ಅದು ಗೆಲ್ಲುತ್ತಿದ್ದದ್ದು ಆ ಪ್ರೋಟೀನಿನ ಮೂಲಕವೇ ಎಂದಾಯಿತು.

ಇಂತಹ ಪುರಾವೆ ಇಲ್ಲದಿದ್ದರೆ ಏನಾಗುತ್ತದೆ? ಇನಿಪರಿಬ್ ಎಂಬ ಅಣುವನ್ನು ಪಾರ್ಪ್ ಎಂಬ ಡಿಎನ್‌ಎ ದುರಸ್ತಿ ಕಿಣ್ವವನ್ನು ತಡೆಯುವ ಔಷಧವೆಂದು ಭಾವಿಸಿ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಮೂರನೆಯ ಹಂತದ ಪರೀಕ್ಷೆಯವರೆಗೆ ಒಯ್ಯಲಾಯಿತು. 2011ರಲ್ಲಿ ಆ ಪರೀಕ್ಷೆ ವಿಫಲವಾಯಿತು. ದೇಹದಲ್ಲಿ ದೊರೆಯುವ ಪ್ರಮಾಣದಲ್ಲಿ ಆ ಅಣು ಪಾರ್ಪ್ ಕಿಣ್ವವನ್ನು ಸರಿಯಾಗಿ ತಡೆಯುವುದೇ ಇಲ್ಲ ಎಂದು ಪ್ರಯೋಗಾಲಯದ ಅಧ್ಯಯನಗಳು ಬಳಿಕ ತೋರಿಸಿದವು. ಪಾರ್ಪನ್ನು ನಿಜವಾಗಿ ತಡೆಯುವ ಓಲಾಪರಿಬ್ 2014ರಲ್ಲಿ ಅನುಮತಿ ಪಡೆದು ಇಂದಿಗೂ ಬಳಕೆಯಲ್ಲಿದೆ. ಗುರಿ ಸರಿಯಾಗಿತ್ತು, ಅಣು ಆ ಗುರಿಯದ್ದಾಗಿರಲಿಲ್ಲ. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತಷ್ಟು ಕಸಿವಿಸಿ ಉಂಟುಮಾಡುವಂಥದ್ದು. ಕ್ಯಾನ್ಸರ್ ವಿರುದ್ಧ ವಿವಿಧ ಹಂತಗಳ ಪರೀಕ್ಷೆಯಲ್ಲಿದ್ದ ಹಲವು ಅಣುಗಳನ್ನು ಆಯ್ದುಕೊಂಡು, ಅವುಗಳ ಗುರಿ ಎನ್ನಲಾದ ಪ್ರೋಟೀನುಗಳ ಜೀನ್‌ಗಳನ್ನೇ ಕ್ರಿಸ್ಪರ್ ಎಂಬ ಜೀನ್ ತಿದ್ದುವ ವಿಧಾನದಿಂದ ತೆಗೆದುಹಾಕಿದ ಕೋಶಗಳಿಗೆ ಅವನ್ನು ಕೊಟ್ಟು ನೋಡಿದರು. ಗುರಿಯೇ ಇಲ್ಲದ ಕೋಶಗಳನ್ನೂ ಅಣುಗಳು ಮೊದಲಿನಷ್ಟೇ ಚೆನ್ನಾಗಿ ಕೊಂದವು. ಅವುಗಳಲ್ಲಿ ಒಂದಾದ ಒಟಿಎಸ್964ರ ನಿಜವಾದ ಗುರಿ ಸಿಡಿಕೆ11 ಎಂಬ ಕೈನೇಸ್ ಎಂದು ಅದೇ ತಂಡ ಪತ್ತೆಹಚ್ಚಿತು; ಆ ಪತ್ತೆಗೂ ಆಧಾರವಾದದ್ದು ಔಷಧಕ್ಕೆ ಬಗ್ಗದ ಕೋಶಗಳಲ್ಲಿ ಕಂಡ ರೂಪಾಂತರ.

ವಿದ್ಯಾರ್ಥಿಯೊಬ್ಬ ಪ್ರಯೋಗಾಲಯದಲ್ಲಿ ಎದುರಿಸುವ ಮೋಸಗಳು ಇವಕ್ಕಿಂತ ಚಿಕ್ಕವು, ಆದರೆ ದಿನನಿತ್ಯದವು. ಸಾವಿರಾರು ಅಣುಗಳನ್ನು ಒಂದು ಕಿಣ್ವದ ಮೇಲೆ ಪರೀಕ್ಷಿಸಿದಾಗ ಫಲ ಕೊಟ್ಟಂತೆ ಕಾಣುವವುಗಳಲ್ಲಿ ಬಹುಪಾಲು ನಿಜವಾದವಲ್ಲ. ಕೆಲವು ಅಣುಗಳು ಕೆಲವೇ ಮೈಕ್ರೊಮೋಲಾರ್ (ಲೀಟರಿಗೆ ಮೋಲ್‌ನ ಹತ್ತು ಲಕ್ಷದ ಒಂದು ಭಾಗ) ಸಾಂದ್ರತೆಯಲ್ಲಿ ನೀರಿನೊಳಗೆ ಸೂಕ್ಷ್ಮ ಗುಂಪುಗಳಾಗಿ ಕೂಡಿಕೊಂಡು ಕಿಣ್ವವನ್ನು ತಮ್ಮ ಮೈಗೆ ಮೆತ್ತಿಕೊಳ್ಳುತ್ತವೆ. ದ್ರಾವಣಕ್ಕೆ ಟ್ರೈಟಾನ್‌ನಂತಹ ಮಾರ್ಜಕವನ್ನು ತುಸುವೇ ಸೇರಿಸಿದೊಡನೆ ಪರಿಣಾಮ ಮಾಯವಾದರೆ ಅದು ಇಂಥ ಗುಂಪುಗಾರಿಕೆಯೆಂದು ತಿಳಿಯಬೇಕು. ಕೆಲವು ಅಣುಗಳು ತಾವೇ ಹೊಳೆದು ಅಳತೆಯನ್ನು ಕೆಡಿಸುತ್ತವೆ, ಕೆಲವು ಸಿಕ್ಕ ಸಿಕ್ಕ ಪ್ರೋಟೀನಿನೊಂದಿಗೆ ರಾಸಾಯನಿಕವಾಗಿ ವರ್ತಿಸುತ್ತವೆ. ಪದೇ ಪದೇ ಇಂತಹ ಸುಳ್ಳು ಫಲಿತಾಂಶ ಕೊಡುವ ರಚನೆಗಳ ಪಟ್ಟಿಯೊಂದನ್ನು ಬೇಯೆಲ್ ಮತ್ತು ಹಾಲೊವೇ 2010ರಲ್ಲಿ ಪ್ರಕಟಿಸಿದರು. ಅರಿಶಿನದ ಕರ್ಕ್ಯುಮಿನ್ ಕುರಿತು ಪ್ರಕಟವಾದ ರಾಶಿ ರಾಶಿ ಲೇಖನಗಳನ್ನು ಓದುವಾಗಲೂ ಇದು ನೆನಪಿರಲಿ. ಅದು ಬೇಗನೆ ಒಡೆದುಹೋಗುವ, ತಾನೇ ಹೊಳೆಯುವ, ಅನೇಕ ಪರೀಕ್ಷೆಗಳಲ್ಲಿ ಅಡ್ಡಾದಿಡ್ಡಿ ವರ್ತಿಸುವ ಅಣು.

ಹೀಗಾಗಿ ಸಂಶೋಧನೆಯಲ್ಲಿ ಬಳಸುವ ಅಣುವಿನ ಜೊತೆಗೆ, ರಚನೆಯಲ್ಲಿ ಬಹುತೇಕ ಅದರಂತೆಯೇ ಇದ್ದು ಗುರಿಗೆ ಅಂಟದ ನಿಷ್ಕ್ರಿಯ ಜೊತೆಗಾರ ಅಣುವೂ ಇರಬೇಕು. ಸಾಧ್ಯವಾದರೆ ಅದೇ ಗುರಿಯನ್ನು ಹಿಡಿಯುವ, ಆದರೆ ರಚನೆಯಲ್ಲಿ ಸಂಬಂಧವೇ ಇಲ್ಲದ ಎರಡನೆಯ ಅಣುವೂ ಇರಬೇಕು. ಪ್ರಮಾಣದ ಪ್ರಶ್ನೆ ಇನ್ನೂ ಮುಖ್ಯ. ಹತ್ತು ನ್ಯಾನೊಮೋಲಾರ್‌ನಲ್ಲಿ ಕಿಣ್ವವನ್ನು ತಡೆಯುವ ಅಣುವನ್ನು ಕೋಶಗಳ ಮೇಲೆ ಐವತ್ತು ಮೈಕ್ರೊಮೋಲಾರ್‌ನಷ್ಟು, ಅಂದರೆ ಅದರ ಐದು ಸಾವಿರ ಪಟ್ಟು, ಸುರಿದು, ಕಂಡ ಪರಿಣಾಮವನ್ನೆಲ್ಲ ಆ ಕಿಣ್ವದ ಲೆಕ್ಕಕ್ಕೆ ಬರೆಯುವ ಲೇಖನಗಳು ಇಂದಿಗೂ ಬರುತ್ತಿವೆ. ಅಷ್ಟು ಪ್ರಮಾಣದಲ್ಲಿ ಆ ಅಣು ಇನ್ನೆಷ್ಟು ಪ್ರೋಟೀನುಗಳನ್ನು ತಡವಿತೋ ಯಾರೂ ಹೇಳಲಾರರು. ಇಲ್ಲಿಯೇ ಭೌತ ರಸಾಯನ ವಿಜ್ಞಾನ ಬೇಕಾಗುತ್ತದೆ. ಕಿಣ್ವದ ಚಟುವಟಿಕೆಯನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆಯು ಪರೀಕ್ಷೆಯ ಪರಿಸ್ಥಿತಿಯನ್ನು ಅವಲಂಬಿಸಿದ ಸಂಖ್ಯೆ. ಕೋಶದ ಶಕ್ತಿವಾಹಕ ಅಣುವಾದ ಎಟಿಪಿ ಕಿಣ್ವದಲ್ಲಿ ಕೂರುವ ಜಾಗಕ್ಕೆ ಪೈಪೋಟಿ ಮಾಡುವ ಅಣು, ಎಟಿಪಿ ಕಡಿಮೆ ಇರುವ ಪರೀಕ್ಷೆಯಲ್ಲಿ ಬಲಿಷ್ಠವಾಗಿ ಕಾಣಿಸಿ, ಎಟಿಪಿ ಮಿಲಿಮೋಲಾರ್ ಮಟ್ಟದಲ್ಲಿರುವ ಜೀವಂತ ಕೋಶದಲ್ಲಿ ದುರ್ಬಲವಾಗುವುದು ಸಹಜ. ಪಠ್ಯಕ್ರಮದಲ್ಲಿ ಒಂದು ವಿಷಯವನ್ನು ಬಿಡಲು ಅವಕಾಶವಿದ್ದರೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಭೌತ ರಸಾಯನ ವಿಜ್ಞಾನವನ್ನು ಬಿಡುತ್ತಾರೆ. ಹಾಗೆ ಮಾಡಬೇಡಿ, ಸಂಖ್ಯಾಶಾಸ್ತ್ರವನ್ನಂತೂ ಬಿಡಲೇಬೇಡಿ.

ಕಿಣ್ವದಿಂದ ಕೋಶಕ್ಕೆ, ಕೋಶದಿಂದ ದೇಹಕ್ಕೆ ಹೋದಂತೆಲ್ಲ ಪುರಾವೆಯನ್ನು ಹೊಸದಾಗಿ ಒದಗಿಸಬೇಕಾಗುತ್ತದೆ. ಗೆರ್ಹಾರ್ಡ್ ಡೊಮಾಕ್ 1935ರಲ್ಲಿ ವರದಿ ಮಾಡಿದ ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣದ ವಸ್ತು ಸೋಂಕು ತಗುಲಿದ ಇಲಿಗಳನ್ನು ಉಳಿಸುತ್ತಿತ್ತು, ಪ್ರನಾಳದಲ್ಲಿ ಬ್ಯಾಕ್ಟೀರಿಯಾವನ್ನು ಏನೂ ಮಾಡುತ್ತಿರಲಿಲ್ಲ. ದೇಹವು ಅದನ್ನು ಒಡೆದು ಸಲ್ಫಾನಿಲಮೈಡ್ ಆಗಿ ಬದಲಿಸುತ್ತದೆ, ನಿಜವಾದ ಔಷಧ ಅದೇ, ಎಂದು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಕಂಡುಕೊಂಡರು. ಇದರ ತಿರುಗುಮುರುಗಾದ ಉದಾಹರಣೆ ಟರ್ಫೆನಡಿನ್. ಅಲರ್ಜಿಗೆ ಕೊಡುತ್ತಿದ್ದ ಆ ಔಷಧವನ್ನು ಯಕೃತ್ತಿನ ಕಿಣ್ವ ಬಹುಬೇಗ ಫೆಕ್ಸೊಫೆನಡಿನ್ ಆಗಿ ಪರಿವರ್ತಿಸುತ್ತಿದ್ದುದರಿಂದ ಸಾಮಾನ್ಯವಾಗಿ ತೊಂದರೆ ಇರಲಿಲ್ಲ. ಕೀಟೊಕೊನಜೋಲ್‌ನಂತಹ ಬೇರೊಂದು ಔಷಧ ಆ ಯಕೃತ್ತಿನ ಕಿಣ್ವವನ್ನೇ ತಡೆದಾಗ, ಬದಲಾಗದೆ ಉಳಿದ ಟರ್ಫೆನಡಿನ್ ಹೃದಯದ ಪೊಟ್ಯಾಸಿಯಂ ನಾಳವನ್ನು ಮುಚ್ಚಿ ಮಾರಕವಾದ ಲಯದೋಷ ಉಂಟುಮಾಡುತ್ತಿತ್ತು. 1990ರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ಹಿಂತೆಗೆದುಕೊಳ್ಳಲಾಯಿತು, ಅದರ ಜಾಗಕ್ಕೆ ಫೆಕ್ಸೊಫೆನಡಿನ್ ಬಂದಿತು.

ಥಾಲಿಡೊಮೈಡ್ ಬಗ್ಗೆ ಹೇಳದೆ ಈ ವಿಷಯ ಪೂರ್ಣವಾಗದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಔಷಧವಾಗಿ ಮಾರಾಟಕ್ಕೆ ಬಂದ ಅದನ್ನು ಗರ್ಭಿಣಿಯರ ವಾಕರಿಕೆಗೂ ಕೊಡಲಾಯಿತು. 1961ರಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಂಡ ಬಳಿಕ ಲೆಕ್ಕಕ್ಕೆ ಸಿಕ್ಕಿದ್ದು ವಿವಿಧ ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಅಂಗವಿಕಲ ಶಿಶುಗಳು. ಎಡಗೈ ಬಲಗೈಗಳಂತಿರುವ ಅದರ ಎರಡು ಪ್ರತಿಬಿಂಬ ರೂಪಗಳಲ್ಲಿ ಒಂದನ್ನೇ ಕೊಟ್ಟಿದ್ದರೆ ಅನಾಹುತ ತಪ್ಪುತ್ತಿತ್ತು ಎಂದು ತರಗತಿಗಳಲ್ಲಿ ಹೇಳುವುದುಂಟು. ಆ ಎರಡು ರೂಪಗಳು ದೇಹದೊಳಗೆ ಒಂದು ಇನ್ನೊಂದಾಗಿ ಬದಲಾಗುತ್ತವೆಯಾದ್ದರಿಂದ ಆ ಸಮಾಧಾನಕ್ಕೆ ಆಧಾರವಿಲ್ಲ. ನಿಜವಾದ ಕಾರಣದ ಎಳೆ ಸಿಕ್ಕಿದ್ದು 2010ರಲ್ಲಿ. ಜಪಾನಿನ ಹಿರೋಷಿ ಹಂಡಾ ಅವರ ತಂಡ ಥಾಲಿಡೊಮೈಡನ್ನು ಸಣ್ಣ ಮಣಿಗಳಿಗೆ ಅಂಟಿಸಿ, ಕೋಶಗಳ ಸಾರದಿಂದ ಅದಕ್ಕೆ ಅಂಟುವ ಸೆರೆಬ್ಲಾನ್ ಎಂಬ ಪ್ರೋಟೀನನ್ನು ಹೊರತೆಗೆಯಿತು. ಸೆರೆಬ್ಲಾನ್ ಕೋಶದ ಪ್ರೋಟೀನ್ ವಿಲೇವಾರಿ ವ್ಯವಸ್ಥೆಯ ಅಂಗ. ಥಾಲಿಡೊಮೈಡ್ ವರ್ಗದ ಅಣುಗಳು ಅದರ ಮೇಲ್ಮೈಯನ್ನು ಬದಲಿಸಿ, ಅದು ಸಾಮಾನ್ಯವಾಗಿ ಮುಟ್ಟದ ಪ್ರೋಟೀನುಗಳನ್ನು ನಾಶಕ್ಕೆ ಒಪ್ಪಿಸುವಂತೆ ಮಾಡುತ್ತವೆ. ಮೈಲೋಮಾ ಎಂಬ ಕ್ಯಾನ್ಸರಿಗೆ ಇದೇ ವರ್ಗದ ಲೆನಾಲಿಡೊಮೈಡ್ ಫಲ ಕೊಡುವುದೂ ಹೀಗೆಯೇ. ಇಲಿಗಳ ಸೆರೆಬ್ಲಾನ್ ಮನುಷ್ಯರದಕ್ಕಿಂತ ಒಂದು ನಿರ್ಣಾಯಕ ಅಮೈನೊ ಆಮ್ಲದಲ್ಲಿ ಭಿನ್ನವಾಗಿರುವುದು, ಇಲಿಗಳಲ್ಲಿ ಈ ಪರಿಣಾಮ ಏಕೆ ಕಾಣುವುದಿಲ್ಲ ಎಂಬುದನ್ನೂ ವಿವರಿಸುತ್ತದೆ. ಕಾರಣ ತಿಳಿದ ಮೇಲೆ ಅದೇ ತತ್ತ್ವ ಸಾಧನವಾಯಿತು: ಒಂದು ತುದಿಯಲ್ಲಿ ಸೆರೆಬ್ಲಾನನ್ನೂ ಇನ್ನೊಂದು ತುದಿಯಲ್ಲಿ ರೋಗಕಾರಕ ಪ್ರೋಟೀನನ್ನೂ ಹಿಡಿಯುವ ಜೋಡಿ ಅಣುಗಳನ್ನು ಇಂದು ಅನೇಕ ಪ್ರಯೋಗಾಲಯಗಳು ಕಟ್ಟುತ್ತಿವೆ.

ಉಪನ್ಯಾಸದ ಬಳಿಕ ವಿದ್ಯಾರ್ಥಿನಿಯೊಬ್ಬರು ಕೇಳಿದ ಪ್ರಶ್ನೆಗೆ ಅಲ್ಲಿ ಚುಟುಕಾಗಿ ಉತ್ತರಿಸಿದ್ದೆ. ಇಲ್ಲಿ ತುಸು ವಿಸ್ತರಿಸುತ್ತೇನೆ. ಪ್ರೋಟೀನುಗಳ ರಚನೆಯನ್ನು ಊಹಿಸುವ ಮತ್ತು ಹೊಸ ಪ್ರೋಟೀನುಗಳನ್ನು ವಿನ್ಯಾಸ ಮಾಡುವ ಗಣಕ ವಿಧಾನಗಳಿಗೆ 2024ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯೇ ಬಂದಿರುವಾಗ, ಪ್ರಯೋಗಾಲಯದಲ್ಲಿ ವಿಷಗಾಳಿಯನ್ನು ಹೊರಹಾಕುವ ಫ್ಯೂಮ್ ಹುಡ್ ಮುಂದೆ ನಿಂತು ಅಣುಗಳನ್ನು ಕೈಯಾರೆ ತಯಾರಿಸುವುದನ್ನು ಏಕೆ ಕಲಿಯಬೇಕು ಎಂಬುದು ಅವರ ಪ್ರಶ್ನೆ. ಗಣಕವನ್ನು ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಸೂಚಿಸಿದ ಅಣುವನ್ನು ಯಾರಾದರೂ ತಯಾರಿಸಬೇಕು, ಶುದ್ಧ ಮಾಡಬೇಕು, ಸೀಸೆಯಲ್ಲಿರುವುದು ಅದೇ ಹೌದೇ ಎಂದು ಎನ್‌ಎಮ್‌ಆರ್ (ಪರಮಾಣುಗಳ ಜೋಡಣೆಯನ್ನು ತಿಳಿಸುವ ವಿಧಾನ) ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿ (ಅಣುವಿನ ತೂಕವನ್ನು ಅಳೆಯುವ ವಿಧಾನ) ಇವುಗಳಿಂದ ಖಚಿತಪಡಿಸಿಕೊಳ್ಳಬೇಕು. ಇದು ಕೇವಲ ಔಪಚಾರಿಕತೆಯಲ್ಲ. ಪಾಲ್ ಎರ್ಲಿಶ್ ಅವರ ಸಾಲ್ವರ್ಸಾನ್ 1910ರಿಂದ ಸಿಫಿಲಿಸ್ ರೋಗಿಗಳಿಗೆ ಸಿಕ್ಕಿತು. ಅದರಲ್ಲಿ ಎರಡು ಆರ್ಸೆನಿಕ್ ಪರಮಾಣುಗಳ ನಡುವೆ ಜೋಡಿಬಂಧವಿದೆ ಎಂದು ಎರ್ಲಿಶ್ ಬರೆದಿದ್ದರು. ಅದು ನಿಜವಾಗಿ ಆರ್ಸೆನಿಕ್ ಪರಮಾಣುಗಳ ಉಂಗುರಗಳಿರುವ ಮಿಶ್ರಣವೆಂದು ಮಾಸ್ ಸ್ಪೆಕ್ಟ್ರೊಮೆಟ್ರಿಯ ಮೂಲಕ ತಿಳಿದದ್ದು 2005ರಲ್ಲಿ. ಹಳೆಯ ಕಾಲದ ಮಾತು ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಟಿಕ್10 ಎಂಬ ಕ್ಯಾನ್ಸರ್ ವಿರೋಧಿ ಅಣುವಿನ ವಿಷಯದಲ್ಲಿ, ಪ್ರಕಟವಾಗಿದ್ದ ರಚನೆಯಂತೆಯೇ ತಯಾರಿಸಿದ ವಸ್ತುವಿನಲ್ಲಿ ಯಾವ ಚಟುವಟಿಕೆಯೂ ಇಲ್ಲವೆಂದು 2014ರಲ್ಲಿ ಬೇರೊಂದು ತಂಡಕ್ಕೆ ತಿಳಿಯಿತು. ಫಲ ಕೊಡುತ್ತಿದ್ದ ಮಾದರಿಯಲ್ಲಿದ್ದದ್ದು ಅದೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ, ಆದರೆ ಉಂಗುರಗಳು ಮಾತ್ರ ನೇರ ಸಾಲಿನಲ್ಲಿರದೆ ಕೋನವಾಗಿ ಬಾಗಿ ಸೇರಿಕೊಂಡಿದ್ದವು. ಎರಡರ ತೂಕವೂ ಒಂದೇ ಆದ್ದರಿಂದ ಮಾಸ್ ಸ್ಪೆಕ್ಟ್ರೊಮೆಟ್ರಿಯೊಂದನ್ನೇ ನೆಚ್ಚಿದವರಿಗೆ ವ್ಯತ್ಯಾಸ ಗೊತ್ತಾಗುವಂತಿರಲಿಲ್ಲ. ಅಣುವನ್ನು ಮೊದಲಿನಿಂದ ತಯಾರಿಸಲು ಹೊರಟವರಿಗೆ ಗೊತ್ತಾಯಿತು.